ಪ್ರೋಟಾನಿನೊಳಗಿನ ಸಂದಣಿ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸುವರ್ಣ ಮಹೋತ್ಸವ ಸಮಿತಿಯವರು ನನಗೆ ವಿಜ್ಞಾನದ ಒಂದು ವಿಷಯದ ಮೇಲೆ ಅರ್ಧ ತಾಸು ಮಾತಾಡಲು ಹೇಳಿದ್ದಾರೆ. ಭೌತಶಾಸ್ತ್ರ ಕಲಿಸುವುದು ನನ್ನ ಉದ್ಯೋಗ. ನಾನು ಇಂದು ಹೇಳುವ ದೊಡ್ಡ ಪ್ರಯೋಗಗಳಲ್ಲಿ ಕೆಲಸ ಮಾಡಿದವನಲ್ಲ, ಅವನ್ನು ಓದಿ ಪಾಠ ಹೇಳಿದವನು. ಎಲ್ಲರೂ ಆಗಲೇ ಬಗೆಹರಿಸಿಬಿಟ್ಟ ವಿಷಯ ಬೇಡ ಎಂದುಕೊಂಡು ಇನ್ನೂ ಬಗೆಹರಿಯದ ಒಂದನ್ನು ಆರಿಸಿಕೊಂಡಿದ್ದೇನೆ. ಅದು ನಿಮ್ಮ ಮೈಯಲ್ಲೇ ಇದೆ. ನಿಮ್ಮ ಮೈಯ ಒಂದೊಂದು ಪ್ರೋಟಾನಿನೊಳಗೆ ಎಷ್ಟು ಜನಸಂದಣಿ ಇದೆ, ಆ ಸಂದಣಿಗೆ ಒಂದು ಮಿತಿ ಇದೆಯೋ ಇಲ್ಲವೋ, ಇದೇ ಆ ಪ್ರಶ್ನೆ.

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ, ಅದರಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನುಗಳಿವೆ ಎಂಬುದನ್ನು ಒಂಬತ್ತನೇ ಇಯತ್ತೆಯಲ್ಲಿ ಎಲ್ಲರೂ ಓದಿದ್ದೇವೆ. ಪ್ರೋಟಾನು ಎಷ್ಟು ಸಣ್ಣದು? ಒಂದು ಪ್ರೋಟಾನನ್ನು ಜೋಳದ ಕಾಳಿನಷ್ಟು ದೊಡ್ಡದು ಮಾಡಿ ಈ ಅಂಗಳದಲ್ಲಿ ಇಟ್ಟರೆ, ಅದೇ ಅಳತೆಯಲ್ಲಿ ಒಂದು ಹೈಡ್ರೋಜನ್ ಪರಮಾಣು ಸುಮಾರು ಕಾಲು ಕಿಲೋಮೀಟರ್ ಅಗಲವಾಗುತ್ತದೆ. ನಡುವೆ ಉಳಿದದ್ದೆಲ್ಲ ಬಯಲು. ಆದರೆ ತೂಕವೆಲ್ಲ ಆ ಕಾಳಿನಲ್ಲೇ ಇದೆ.

ಆ ಕಾಳನ್ನೂ ಒಡೆದು ನೋಡಿದರು. 1964ರಲ್ಲಿ ಮರ‍್ರೆ ಗೆಲ್-ಮನ್ ಮತ್ತು ಜಾರ್ಜ್ ಜ್ವೈಗ್ ಎಂಬ ಇಬ್ಬರು ಬೇರೆಬೇರೆಯಾಗಿ, ಪ್ರೋಟಾನಿನೊಳಗೆ ಮೂರು ಕಣಗಳಿರಬೇಕು ಎಂದು ಹೇಳಿದರು. ಅವಕ್ಕೆ ಕ್ವಾರ್ಕ್ ಎಂಬ ಹೆಸರು ನಿಂತಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 1960ರ ದಶಕದ ಕೊನೆಗೆ ಪ್ರೋಟಾನುಗಳ ಮೇಲೆ ವೇಗದ ಎಲೆಕ್ಟ್ರಾನು ಹೊಡೆದು, ಒಳಗೆ ಗಟ್ಟಿ ಕಣಗಳಿವೆ ಎಂದು ಕಂಡರು. ಆ ಕ್ವಾರ್ಕುಗಳನ್ನು ಕಟ್ಟಿ ಹಿಡಿದಿರುವ ಅಂಟಿನಂಥ ಕಣಕ್ಕೆ ಗ್ಲುಆನ್ ಎಂದು ಹೆಸರು. 1979ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಊರಿನ ಪ್ರಯೋಗಶಾಲೆಯಲ್ಲಿ ಅದರ ಗುರುತು ಸ್ಪಷ್ಟವಾಗಿ ಸಿಕ್ಕಿತು.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಿ. 50 ಕಿಲೋ ತೂಗುವ ಒಬ್ಬ ಹುಡುಗಿ ಇದ್ದಾಳೆ. ಅವಳ ಮೈಯ ಎಲ್ಲ ಪ್ರೋಟಾನು ನ್ಯೂಟ್ರಾನುಗಳ ಕ್ವಾರ್ಕುಗಳ ಸ್ವಂತ ತೂಕ ಕೂಡಿಸಿದರೆ ಬರುವುದು ಸುಮಾರು ಅರ್ಧ ಕಿಲೋ. ಮಿಕ್ಕ ನಲವತ್ತೊಂಬತ್ತೂವರೆ ಕಿಲೋ ಎಲ್ಲಿಂದ ಬಂತು? ಗ್ಲುಆನುಗಳ ಶಕ್ತಿ, ಅವುಗಳ ಹಿಡಿತದಲ್ಲಿ ಓಡಾಡುವ ಕ್ವಾರ್ಕುಗಳ ಶಕ್ತಿ, ಇವೇ ಐನ್‌ಸ್ಟೈನರ ಸೂತ್ರದಂತೆ ತೂಕವಾಗಿ ಕಾಣುತ್ತವೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗುವುದು ಹೆಚ್ಚುಪಾಲು ಈ ಅಂಟಿನ ತೂಕವನ್ನೇ.

ಈ ಅಂಟಿನ ಸ್ವಭಾವ ವಿಚಿತ್ರ. ಬೆಳಕಿನ ಕಣ ಫೋಟಾನು ವಿದ್ಯುತ್ತಿನ ಬಲವನ್ನು ಒಯ್ಯುತ್ತದೆ, ಆದರೆ ಅದಕ್ಕೆ ತನ್ನದೇ ವಿದ್ಯುದಂಶವಿಲ್ಲ. ಹಾಗಾಗಿ ಎರಡು ಟಾರ್ಚುಗಳ ಬೆಳಕು ಒಂದರೊಳಗೊಂದು ಹಾಯ್ದು ಹೋಗುತ್ತವೆ, ಜಗಳವಿಲ್ಲ. ಗ್ಲುಆನಿಗೆ ಹಾಗಲ್ಲ. ಅದು ಒಯ್ಯುವ ಬಲದ ಅಂಶ ಅದರಲ್ಲೂ ಇದೆ. ವಿಜ್ಞಾನಿಗಳು ಅದನ್ನು ‘ಬಣ್ಣ’ ಎಂದು ಕರೆಯುತ್ತಾರೆ. ಹೋಳಿ ಹುಣ್ಣಿಮೆಯ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಬರೀ ಹೆಸರು. ಈ ಬಣ್ಣ ಇರುವುದರಿಂದ ಒಂದು ಗ್ಲುಆನ್ ಒಡೆದು ಎರಡಾಗಬಲ್ಲದು, ಆ ಎರಡು ಮತ್ತೆ ಒಡೆದು ನಾಲ್ಕಾಗಬಲ್ಲವು. ಹುಟ್ಟುತ್ತವೆ, ಕಣ್ಣು ಪಿಳುಕಿಸುವುದಕ್ಕಿಂತ ಎಷ್ಟೋ ಬೇಗ ಮತ್ತೆ ಒಳಗೇ ಲೀನವಾಗುತ್ತವೆ.

ಇಷ್ಟು ಬೇಗ ಬಂದು ಹೋಗುವವನ್ನು ನೋಡುವುದು ಹೇಗೆ? ತಿರುಗುವ ಫ್ಯಾನಿನ ರೆಕ್ಕೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ವೇಗದ ಕ್ಯಾಮೆರಾದಲ್ಲಿ ಫೋಟೋ ತೆಗೆದರೆ ರೆಕ್ಕೆ ನಿಂತಂತೆ ಕಾಣುತ್ತದೆ. ಪ್ರೋಟಾನಿನ ವಿಷಯದಲ್ಲಿ ನಿಸರ್ಗವೇ ನಮಗೆ ಸಹಾಯ ಮಾಡುತ್ತದೆ. ಬೆಳಕಿನ ವೇಗದ ಹತ್ತಿರ ಓಡುವ ವಸ್ತುವಿನೊಳಗಿನ ಗಡಿಯಾರ ನಮ್ಮ ಪಾಲಿಗೆ ನಿಧಾನವಾಗುತ್ತದೆ. ಪ್ರೋಟಾನನ್ನು ಎಷ್ಟು ಜೋರಾಗಿ ಓಡಿಸುತ್ತೇವೋ ಅಷ್ಟು ಅದರೊಳಗಿನ ಅಲ್ಪಾಯುಷಿ ಗ್ಲುಆನುಗಳು ಹೆಚ್ಚು ಹೊತ್ತು ಬಾಳಿದಂತೆ ಕಾಣುತ್ತವೆ. ಆ ಹೊತ್ತಿನಲ್ಲಿ ಎಲೆಕ್ಟ್ರಾನು ಹೊಡೆದರೆ ಫೋಟೋ ಸಿಕ್ಕಂತೆ.

ಅದೇ ಹ್ಯಾಂಬರ್ಗಿನಲ್ಲಿ ನೆಲದಡಿ 6.3 ಕಿಲೋಮೀಟರ್ ಸುತ್ತಳತೆಯ ಹೇರಾ ಎಂಬ ಯಂತ್ರ 1992ರಿಂದ 2007ರವರೆಗೆ ಇದೇ ಕೆಲಸ ಮಾಡಿತು. ಒಂದು ಕಡೆಯಿಂದ ಎಲೆಕ್ಟ್ರಾನು, ಎದುರಿನಿಂದ ಪ್ರೋಟಾನು. ಪ್ರೋಟಾನಿನ ಒಟ್ಟು ಓಟದ ಮೂರನೇ ಒಂದು ಪಾಲು ಹೊತ್ತ ಕಣಗಳು ಎಷ್ಟು, ನೂರನೇ ಒಂದು ಪಾಲು ಹೊತ್ತವು ಎಷ್ಟು, ಹತ್ತು ಸಾವಿರದಲ್ಲಿ ಒಂದು ಪಾಲು ಹೊತ್ತವು ಎಷ್ಟು ಎಂದು ಎಣಿಸಿದರು. ಪಾಲು ಸಣ್ಣದಾದಂತೆ ಗ್ಲುಆನುಗಳ ಸಂಖ್ಯೆ ಏರಿತು, ಮತ್ತೂ ಏರಿತು. ಮೂರು ಕ್ವಾರ್ಕುಗಳ ಸಣ್ಣ ಸಂಸಾರ ಎಂದು ತಿಳಿದಿದ್ದ ಮನೆಯೊಳಗೆ ಜಾತ್ರೆಯ ಜನ ಸೇರಿದ್ದರು.

ಇಲ್ಲಿಂದಲೇ ತೊಡಕು ಶುರು. ಏರಿಕೆ ಹೀಗೇ ಸಾಗಿದರೆ ಏನಾಗಬೇಕು? ಪ್ರೋಟಾನಿನ ಗಾತ್ರ ಸಣ್ಣದು. ಅದರೊಳಗೆ ಕಣಗಳು ಕೊನೆಯಿಲ್ಲದೆ ತುಂಬುತ್ತ ಹೋದರೆ ಡಿಕ್ಕಿಯ ಸಂಭವದ ಲೆಕ್ಕ ಮೇರೆ ಮೀರುತ್ತದೆ, ಗಣಿತವೇ ಅದನ್ನು ಒಪ್ಪುವುದಿಲ್ಲ. ಎಲ್ಲೋ ಒಂದು ಕಡೆ ತಡೆ ಬೀಳಲೇಬೇಕು.

ಉಣಕಲ್ಲ ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದನ್ನು ನೋಡಿದ್ದೀರಿ. ಮೊದಲು ನಾಲ್ಕು ಗಿಡ ದಡದಲ್ಲಿರುತ್ತವೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಜಾಗ ಇರುವ ತನಕ ಬೆಳೆಯುವ ಲೆಕ್ಕ ಇದೇ. ಕೆರೆ ತುಂಬಿದ ಮೇಲೆ ಎಲೆಗೆ ಎಲೆ ತಾಗುತ್ತದೆ, ಬೆಳೆಯುವುದು ನಿಲ್ಲುತ್ತದೆ. ಆಗಲೂ ದೊಡ್ಡ ಎಲೆಗಳ ಸಂದಿಯಲ್ಲಿ ಸಣ್ಣ ಎಲೆಯ ಜೊಂಡು ಪಾಚಿ ಹುಟ್ಟಲು ಜಾಗ ಉಳಿದಿರುತ್ತದೆ. ಗ್ಲುಆನುಗಳದ್ದೂ ಹಾಗೆಯೇ ಇರಬೇಕು ಎನ್ನುವುದು ವಿಜ್ಞಾನಿಗಳ ಊಹೆ. ಮೊದಲು ದೊಡ್ಡ ಗಾತ್ರದವು ಜಾಗ ತುಂಬುತ್ತವೆ, ನಂತರ ಸಂದಿಯಲ್ಲಿ ಸಣ್ಣವು. ಒಂದು ಅಳತೆಯ ಮೇಲೆ ಎಲ್ಲ ತುಂಬಿ ಹೋಗಿದೆ ಎನ್ನುವ ಆ ಗೆರೆ, ಓಟದ ಜೋರು ಹೆಚ್ಚಿದಂತೆ ಸಣ್ಣ ಗಾತ್ರದ ಕಡೆ ಸರಿಯುತ್ತದೆ.

ಕೆರೆಯ ಹೋಲಿಕೆಗೆ ಒಂದು ಕೊರತೆ ಇದೆ. ಅಂತರಗಂಗೆಯ ಎರಡು ಗಿಡ ಕೂಡಿ ಒಂದಾಗುವುದಿಲ್ಲ, ಗ್ಲುಆನುಗಳು ಆಗುತ್ತವೆ. ಅದಕ್ಕೆ ನಮ್ಮ ಪ್ರಯೋಗಶಾಲೆಯ ಉಪ್ಪಿನ ನೀರೇ ಹೆಚ್ಚು ಹೊಂದುವ ಉದಾಹರಣೆ. ಲೋಟದ ನೀರಿಗೆ ಉಪ್ಪು ಹಾಕುತ್ತ ಹೋದರೆ ಒಂದು ಹಂತದಲ್ಲಿ ತಳದಲ್ಲಿ ಉಪ್ಪು ಉಳಿಯುತ್ತದೆ. ಅದು ಪರ್ಯಾಪ್ತ ದ್ರಾವಣ. ಹೊರಗಿನಿಂದ ಏನೂ ನಡೆಯದಂತೆ ಕಂಡರೂ ಒಳಗೆ ಎಷ್ಟು ಉಪ್ಪು ಕರಗುತ್ತಿದೆಯೋ ಅಷ್ಟೇ ಉಪ್ಪು ಮತ್ತೆ ಹರಳಾಗುತ್ತಿರುತ್ತದೆ. ಪ್ರೋಟಾನಿನಲ್ಲಿ ಗ್ಲುಆನುಗಳು ದಟ್ಟವಾದಾಗ, ಒಡೆದು ಎರಡಾಗುವವು ಎಷ್ಟೋ, ಎರಡು ಸೇರಿ ಒಂದಾಗುವವೂ ಅಷ್ಟೇ ಆಗುತ್ತವೆ. ಇದನ್ನೇ ಗ್ಲುಆನ್ ಪರ್ಯಾಪ್ತತೆ ಎನ್ನುತ್ತಾರೆ. 1983ರಲ್ಲಿ ಗ್ರಿಬೋವ್, ಲೆವಿನ್, ರಿಸ್ಕಿನ್ ಎಂಬ ಮೂವರು ರಷ್ಯದ ವಿಜ್ಞಾನಿಗಳು ಮೊದಲಿಗೆ ಇದರ ಗಣಿತ ಬರೆದರು.

ತುಂಬಿದೆಯೋ ಇಲ್ಲವೋ ನೋಡಬೇಕಾದರೆ ಒಂದೇ ಪ್ರೋಟಾನು ಸಾಲದು. ಇಲ್ಲಿ ಭಾರದ ನ್ಯೂಕ್ಲಿಯಸ್ ಬೇಕಾಗುತ್ತದೆ. ಬಂಗಾರದ ನ್ಯೂಕ್ಲಿಯಸ್ಸಿನಲ್ಲಿ 197 ಪ್ರೋಟಾನು ನ್ಯೂಟ್ರಾನುಗಳಿವೆ. ನಮ್ಮ ತಾಯಂದಿರು ನಾದಿದ ಜೋಳದ ಹಿಟ್ಟಿನ ಉಂಡೆಯನ್ನು ಬಡಿದು ರೊಟ್ಟಿ ಮಾಡುತ್ತಾರಲ್ಲ, ಹಾಗೆ ಅತಿ ವೇಗದಲ್ಲಿ ಓಡುವ ನ್ಯೂಕ್ಲಿಯಸ್ ಎದುರಿಗಿರುವವನ ಕಣ್ಣಿಗೆ ಉಂಡೆಯಾಗಿರುವುದಿಲ್ಲ, ತೆಳ್ಳಗಿನ ರೊಟ್ಟಿಯಾಗುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ 2000ದಲ್ಲಿ ಶುರುವಾದ ರಿಕ್ ಯಂತ್ರದಲ್ಲಿ ಬಂಗಾರದ ಉಂಡೆ ಸುಮಾರು ನೂರು ಪಟ್ಟು ತೆಳ್ಳಗಾಗುತ್ತಿತ್ತು. ಒಂದರ ಹಿಂದೆ ಒಂದು ನಿಂತಿದ್ದ ಪ್ರೋಟಾನುಗಳ ಗ್ಲುಆನುಗಳೆಲ್ಲ ಒಂದೇ ರೊಟ್ಟಿಯಲ್ಲಿ ಒತ್ತಿಕೊಂಡವು. ಎಷ್ಟು ಪಟ್ಟು ಒತ್ತು? 197ರ ಘನಮೂಲ ತೆಗೆಯಿರಿ. 5.8 ಬರುತ್ತದೆ. ಸುಮಾರು ಆರು ಪಟ್ಟು. ಎಂಟನೇ ಇಯತ್ತೆಯ ಗಣಿತ ಇಷ್ಟು ದೂರ ಬರುತ್ತದೆ ನೋಡಿ.

ಇಂಥ ಭಾರದ ನ್ಯೂಕ್ಲಿಯಸ್ಸಿನ ಗ್ಲುಆನುಗಳ ದಟ್ಟಣೆಯನ್ನು ಲೆಕ್ಕ ಹಾಕುವ ದಾರಿಯನ್ನು 1990ರ ದಶಕದ ಮೊದಲ ಭಾಗದಲ್ಲಿ ಲ್ಯಾರಿ ಮೆಕ್ಲೆರನ್ ಮತ್ತು ರಾಜು ವೇಣುಗೋಪಾಲನ್ ತೋರಿಸಿದರು. ಈ ಸ್ಥಿತಿಗೆ ಮುಂದೆ ‘ಕಲರ್ ಗ್ಲಾಸ್ ಕಂಡೆನ್ಸೇಟ್’ ಎಂಬ ಹೆಸರು ಬಂತು. ಕಲರ್ ಎಂದರೆ ಆಗ ಹೇಳಿದ ಬಣ್ಣ. ಗ್ಲಾಸ್ ಎಂದರೆ ಗಾಜಿನ ಹಾಗೆ ಒಳಗಿನ ಚಲನೆ ತೀರ ನಿಧಾನವಾಗಿ ನಿಂತಂತೆ ಕಾಣುವುದು. ಕಂಡೆನ್ಸೇಟ್ ಎಂದರೆ ದಟ್ಟಗೂಡಿದ್ದು. ಎರಡು ಬಂಗಾರದ ರೊಟ್ಟಿಗಳು ಡಿಕ್ಕಿ ಹೊಡೆದಾಗ ಹುಟ್ಟುವ ಬೆಂಕಿ ಸುಮಾರು 4 ಲಕ್ಷ ಕೋಟಿ ಡಿಗ್ರಿ, ಸೂರ್ಯನ ನಡುಭಾಗಕ್ಕಿಂತ ಎರಡೂವರೆ ಲಕ್ಷ ಪಟ್ಟು ಬಿಸಿ. ವಿಶ್ವ ಹುಟ್ಟಿದ ಮೊದಲ ಕ್ಷಣಗಳಲ್ಲಿ ವಸ್ತು ಹೀಗೆಯೇ ಇತ್ತು ಎನ್ನುತ್ತಾರೆ. ಆ ಬೆಂಕಿ ಹತ್ತುವ ಮೊದಲು ಕಟ್ಟಿಗೆ ಹೇಗೆ ಜೋಡಿಸಿತ್ತು ಎಂಬುದೇ ಈ ಸಂದಣಿಯ ಪ್ರಶ್ನೆ.

ಸರಿ, ಸಂದಣಿ ತುಂಬಿದೆ ಎಂದು ಕಂಡರೇ? ಕೇರಂ ಆಡುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಸ್ಟ್ರೈಕರ್ ಒಂದೇ ಕಾಯಿಗೆ ಬಡಿದರೆ ಎರಡೂ ಲೆಕ್ಕದ ಪ್ರಕಾರ ಎದುರುಬದುರು ದಿಕ್ಕಿಗೆ ಹೋಗುತ್ತವೆ, ಯಾವುದು ಯಾವುದಕ್ಕೆ ಬಡಿಯಿತೆಂದು ಗೊತ್ತಾಗುತ್ತದೆ. ಕಾಯಿಗಳ ಗುಂಪಿಗೇ ಬಡಿದರೆ ಹೊಡೆತ ಎಲ್ಲವಕ್ಕೂ ಹಂಚಿಹೋಗುತ್ತದೆ, ಎದುರಿನ ಜೋಡಿ ಕಾಯಿ ಯಾವುದೆಂದು ಹೇಳಲಾಗುವುದಿಲ್ಲ. ಬ್ರೂಕ್‌ಹೇವನ್ನಿನ ಸ್ಟಾರ್ ಪ್ರಯೋಗದವರು ಪ್ರೋಟಾನನ್ನು ಮೊದಲು ಪ್ರೋಟಾನಿಗೆ, ನಂತರ ಅಲ್ಯೂಮಿನಿಯಂಗೆ, ನಂತರ ಬಂಗಾರಕ್ಕೆ ಹೊಡೆದು, ಎದುರುಬದುರಾಗಿ ಹಾರುವ ಜೋಡಿ ಕಣಗಳನ್ನು ಎಣಿಸಿದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಯೂಮಿನಿಯಂನಲ್ಲಿ ಜೋಡಿಗಳು ಸ್ವಲ್ಪ ಕಡಿಮೆ, ಬಂಗಾರದಲ್ಲಿ ಇನ್ನೂ ಕಡಿಮೆ. ಎಷ್ಟು ಕಡಿಮೆ ಎಂಬುದು ಅದೇ ಘನಮೂಲದ ಲೆಕ್ಕದಂತೆ ಇಳಿಯಿತು.

ಹಾಗಾದರೆ ಮುಗಿಯಿತಲ್ಲ ಎನ್ನಬಹುದು. ಮುಗಿದಿಲ್ಲ. ಜೋಡಿ ಕಡಿಮೆಯಾಗಲು ಬೇರೆ ಕಾರಣಗಳೂ ಇರಬಹುದು. ಬಂಗಾರದೊಳಗೆ ಹಾಯುವಾಗ ಕಣ ತನ್ನ ಶಕ್ತಿ ಕಳೆದುಕೊಂಡಿರಬಹುದು. ಒಂದೇ ಡಿಕ್ಕಿಯಲ್ಲಿ ಎರಡು ಹೊಡೆತ ಬಿದ್ದಿರಬಹುದು. ಹೊಡೆಯುವ ಪ್ರೋಟಾನೇ ಒಂದು ಜಾತ್ರೆ, ಹೊಡೆಸಿಕೊಳ್ಳುವ ಬಂಗಾರ ಇನ್ನೂ ದೊಡ್ಡ ಜಾತ್ರೆ. ಎರಡು ಜಾತ್ರೆ ಕೂಡಿದಾಗ ಯಾರು ಯಾರನ್ನು ನೂಕಿದರೆಂದು ಪಂಚರು ಹೇಗೆ ಹೇಳಿಯಾರು? ಯುರೋಪಿನ ಸರ್ನ್ ಪ್ರಯೋಗಶಾಲೆಯ 27 ಕಿಲೋಮೀಟರ್ ಯಂತ್ರದಲ್ಲಿ ಸೀಸದ ನ್ಯೂಕ್ಲಿಯಸ್ಸುಗಳು ಒಂದಕ್ಕೊಂದು ತಾಗದೆ ಪಕ್ಕದಲ್ಲೇ ಹಾಯ್ದುಹೋಗುವಾಗ, ಒಂದರ ಬೆಳಕು ಇನ್ನೊಂದಕ್ಕೆ ಬಡಿಯುವುದನ್ನೂ ಅಳೆದಿದ್ದಾರೆ. ನಮ್ಮ ದೇಶದ ಸಂಸ್ಥೆಗಳೂ ಪಾಲುಗೊಂಡಿರುವ ಪ್ರಯೋಗಗಳು ಅವು. ಅಲ್ಲಿಯೂ ಗ್ಲುಆನುಗಳು ನಿರೀಕ್ಷೆಗಿಂತ ಕಡಿಮೆ ಎಂದೇ ಕಂಡಿದೆ. ಗುರುತುಗಳು ಕೂಡುತ್ತಿವೆ, ತೀರ್ಪು ಬಂದಿಲ್ಲ. ವಿಜ್ಞಾನದಲ್ಲಿ ಈ ಎರಡನ್ನೂ ಬೇರೆಬೇರೆ ಇಡಬೇಕು. ಹೊಲದಲ್ಲಿ ಹೆಜ್ಜೆ ಗುರುತು ಕಂಡಾಗ ಯಾವುದೋ ಪ್ರಾಣಿ ಬಂದಿತ್ತು ಎನ್ನಬಹುದು. ಅದು ಚಿರತೆಯೇ ಎನ್ನಲು ಇನ್ನೊಂದಿಷ್ಟು ನೋಡಬೇಕು.

ಇದೆಲ್ಲ ಅಮೆರಿಕ ಯುರೋಪಿನ ಮಾತಾಯಿತು, ನಮ್ಮ ನಾಡಿನವರು ಏನು ಮಾಡಿದರು ಎಂದು ಕೇಳುವುದು ನ್ಯಾಯ. ಇಂಥ ಡಿಕ್ಕಿಗಳು ನಮ್ಮ ತಲೆಯ ಮೇಲೂ ನಡೆಯುತ್ತಿವೆ. ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳು ಗಾಳಿಯ ಸಾರಜನಕಕ್ಕೆ ಬಡಿದು ಕಣಗಳ ಮಳೆ ಸುರಿಸುತ್ತವೆ. ಅದರಲ್ಲಿ ಮ್ಯುಆನ್ ಎಂಬ ಕಣಗಳು ಈಗ ನಾನು ಮಾತಾಡುತ್ತಿರುವಾಗಲೂ ನಿಮ್ಮ ಅಂಗೈಯ ಮೂಲಕ ಹಾಯ್ದು ಹೋಗುತ್ತಿವೆ, ಹೆಚ್ಚುಕಡಿಮೆ ಸೆಕೆಂಡಿಗೆ ಒಂದರಂತೆ. ಈ ಕಣಗಳು ನೆಲದೊಳಗೆ ಎಷ್ಟು ಆಳ ಇಳಿಯುತ್ತವೆ ಎಂದು ಅಳೆಯಲು 1950ರ ದಶಕದ ಆರಂಭದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಉಪಕರಣ ಹೊತ್ತು ಇಳಿದವರಲ್ಲಿ ನಂಜನಗೂಡಿನ ಕಡೆಯ ಬಿ.ವಿ. ಶ್ರೀಕಂಠನ್ ಒಬ್ಬರು. 1965ರಲ್ಲಿ ಅದೇ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣದ ಗುರುತು ಜಗತ್ತಿನಲ್ಲೇ ಮೊದಲ ಸಾಲಿನಲ್ಲಿ ಸಿಕ್ಕಿತು. 2001ರಲ್ಲಿ ಗಣಿ ಮುಚ್ಚಿತು. ಆ ಗಣಿ ಬಂಗಾರದ ಜೊತೆಗೆ ವಿಜ್ಞಾನವನ್ನೂ ಕೊಟ್ಟಿತ್ತು.

ಇನ್ನೊಬ್ಬರು ರೋಹಿಣಿ ಗೋಡಬೋಲೆ. ಹುಟ್ಟಿದ್ದು ಪುಣೆಯಲ್ಲಿ, 1952ರಲ್ಲಿ. ಕಲಿತದ್ದು ಹೆಣ್ಣುಮಕ್ಕಳ ಮರಾಠಿ ಶಾಲೆಯಲ್ಲಿ. ಅಲ್ಲಿ ಏಳನೇ ಇಯತ್ತೆಯ ತನಕ ಹುಡುಗಿಯರಿಗೆ ವಿಜ್ಞಾನದ ಬದಲು ಗೃಹವಿಜ್ಞಾನ ಹೇಳಿಕೊಡುತ್ತಿದ್ದರು. ಅವರು 1995ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಬೆಳಕಿನ ಕಣ ಅತಿ ಶಕ್ತಿಯಲ್ಲಿದ್ದಾಗ ತಾನೇ ಕ್ವಾರ್ಕು ಗ್ಲುಆನುಗಳ ಗಂಟಿನಂತೆ ವರ್ತಿಸುತ್ತದೆ ಎನ್ನುವುದರ ಮೇಲೆ ಅವರ ಕೆಲಸ ಹೆಸರಾಯಿತು. ಇನ್ನೊಂದು ಕೆಲಸ ನಮ್ಮ ಇಂದಿನ ವಿಷಯಕ್ಕೆ ತೀರ ಹತ್ತಿರದ್ದು. ಶಕ್ತಿ ಹೆಚ್ಚಿದಂತೆ ಪ್ರೋಟಾನಿಗೆ ಪ್ರೋಟಾನು ಡಿಕ್ಕಿಯಾಗುವ ಸಂಭವ ಏರುತ್ತದೆ, ಗ್ಲುಆನುಗಳನ್ನಷ್ಟೇ ಎಣಿಸಿದರೆ ಅದು ನಿಜಕ್ಕಿಂತ ಬಹಳ ಬೇಗ ಏರಿಬಿಡುತ್ತದೆ. ಡಿಕ್ಕಿಗೆ ಬರುವ ಕಣಗಳು ದಾರಿಯಲ್ಲಿ ಮೆದು ಗ್ಲುಆನುಗಳನ್ನು ಉದುರಿಸುತ್ತ ಸ್ವಲ್ಪ ಓರೆಯಾಗುತ್ತವೆ, ಅದರಿಂದ ಏರಿಕೆಗೆ ಕಡಿವಾಣ ಬೀಳುತ್ತದೆ ಎಂದು ಇಟಲಿ, ಸ್ಪೇನಿನ ಸಂಗಾತಿಗಳ ಜೊತೆ ಅವರು ಲೆಕ್ಕ ಮಾಡಿ ತೋರಿಸಿದರು. ಇದು ಪರ್ಯಾಪ್ತತೆಯೇ ಅಲ್ಲ. ಆದರೆ ಪ್ರಶ್ನೆ ಅದೇ ಮನೆತನದ್ದು: ಏರಿಕೆಗೆ ಕಡಿವಾಣ ಹಾಕುವವರು ಯಾರು? 2019ರಲ್ಲಿ ಪದ್ಮಶ್ರೀ ಬಂತು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ನಿನ್ನೆ ಊರ ಹಿರಿಯರೊಬ್ಬರು ನನ್ನನ್ನು ಕೇಳಿದರು, “ಅಲ್ಲೋ ತಮ್ಮಾ, ಇದರಿಂದ ನಮ್ಮ ಹೊಲಕ್ಕ ಏನಾತು?” ಎಂದು. “ಏನೂ ಆಗಿಲ್ಲರಿ ಕಾಕಾ” ಎಂದೆ. ಆಗುತ್ತದೆ ಎಂದು ಆಸೆ ಹಚ್ಚುವುದು ಸರಿಯಲ್ಲ. ಆದರೆ ಅವರಿಗೆ ಇನ್ನೊಂದು ಮಾತು ಹೇಳಿದೆ, ಅದನ್ನು ಇಲ್ಲೂ ಹೇಳುತ್ತೇನೆ. ಇಂದು ಹೊರಗಿನವರಿಗೆ ಸತ್ತೂರ ಗೊತ್ತಿರುವುದು ಎಸ್.ಡಿ.ಎಂ. ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ. ದೊಡ್ಡ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಮಾಡಿಸುತ್ತಾರಲ್ಲ, ಆ ಯಂತ್ರ ನೋಡುವುದು ನಮ್ಮ ಮೈಯ ನೀರಿನಲ್ಲಿರುವ ಪ್ರೋಟಾನುಗಳನ್ನೇ. ಪ್ರೋಟಾನಿಗೆ ಬುಗುರಿಯ ತಿರುಗುವಿಕೆಯಂಥ ಒಂದು ಗುಣ ಇದೆ ಎಂದು 1920ರ ದಶಕದಲ್ಲಿ ತಿಳಿದಾಗ ಅದರಿಂದ ಯಾವ ರೋಗಿಗೂ ಏನೂ ಲಾಭವಿರಲಿಲ್ಲ. ಅದರಿಂದ ಚಿತ್ರ ತೆಗೆಯಲು 1970ರ ದಶಕ ಬರಬೇಕಾಯಿತು. ಇನ್ನೊಂದು ಸೋಜಿಗ: ಆ ತಿರುಗುವಿಕೆಯಲ್ಲಿ ಕ್ವಾರ್ಕುಗಳ ಸ್ವಂತ ತಿರುಗುವಿಕೆಯ ಪಾಲು ಮೂರನೇ ಒಂದರಷ್ಟೇ. ಮಿಕ್ಕದ್ದರಲ್ಲಿ ಗ್ಲುಆನುಗಳ ಪಾಲೆಷ್ಟು ಎಂಬ ಲೆಕ್ಕ ಇನ್ನೂ ಪೂರ್ತಿ ಮುಗಿದಿಲ್ಲ. ದಿನಾ ಬಳಸುವ ವಸ್ತುವಿನ ಒಳಗೇ ಇಷ್ಟು ಬಾಕಿ ಇದೆ.

ಈ ಬಾಕಿ ತೀರಿಸಲು ಬ್ರೂಕ್‌ಹೇವನ್ನಿನಲ್ಲಿ ಹೊಸ ಯಂತ್ರ ಬರಲಿದೆ. 2020ರ ಜನವರಿಯಲ್ಲಿ ಅದಕ್ಕೆ ಜಾಗ ನಿಗದಿಯಾಯಿತು. ಎಲೆಕ್ಟ್ರಾನ್-ಅಯಾನ್ ಕೊಲೈಡರ್ ಎಂದು ಅದರ ಹೆಸರು. ಜಾತ್ರೆಯನ್ನು ಜಾತ್ರೆಗೆ ಹೊಡೆಯುವ ಬದಲು, ಒಳಗೆ ಯಾವ ಗದ್ದಲವೂ ಇಲ್ಲದ ಎಲೆಕ್ಟ್ರಾನನ್ನು ಭಾರದ ನ್ಯೂಕ್ಲಿಯಸ್ಸಿಗೆ ಹೊಡೆದು ನೋಡುವ ಯಂತ್ರ. 2030ರ ದಶಕದಲ್ಲಿ ಕೆಲಸ ಆರಂಭಿಸಬೇಕೆಂಬ ಯೋಜನೆ ಇದೆ.

ಈಗ ಮಕ್ಕಳು ಬೆರಳು ಮಡಿಚಿ ಲೆಕ್ಕ ಮಾಡಿ. ಇಂದು ಎಂಟನೇ ಇಯತ್ತೆಯಲ್ಲಿರುವ ಹುಡುಗಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸುವುದಕ್ಕೂ ಆ ಯಂತ್ರದ ಮೊದಲ ಅಂಕಿಸಂಖ್ಯೆ ಬರುವುದಕ್ಕೂ ಕಾಲ ಕೂಡಿ ಬರುತ್ತದೆ. ತೀರ್ಪು ಬರೆಯುವ ದಿನ ನೀವು ಓದು ಮುಗಿಸಿ ಸಿದ್ಧರಾಗಿರುತ್ತೀರಿ. ಅದಕ್ಕೆ ಬೇಕಾದದ್ದು ಘನಮೂಲ ತೆಗೆಯುವ ಅಭ್ಯಾಸ ಮತ್ತು “ಯಾಕ್ರಿ ಸರ್?” ಎಂದು ಕೇಳುವ ಧೈರ್ಯ. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಅದರ ಆವರಣದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, 2016ರಿಂದ ಧಾರವಾಡದ ಐ.ಐ.ಟಿ. ಇದೆ. ನಮ್ಮ ಕಾಲದಲ್ಲಿ ಇಷ್ಟು ಇರಲಿಲ್ಲ.

ಪಾಲಕರಿಗೆ ಒಂದು ವಿನಂತಿ. ಹತ್ತನೇ ಇಯತ್ತೆ ಆದ ಮೇಲೆ ವಿಜ್ಞಾನ ಕಷ್ಟ, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಆಗುವುದಿಲ್ಲ, ಹೆಣ್ಣುಮಗುವಿಗಂತೂ ಬೇಡ ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದು ಜಗತ್ತಿನ ಅತಿ ಕಠಿಣ ಪ್ರಶ್ನೆಗಳಲ್ಲಿ ಒಂದು. ರೊಟ್ಟಿ, ಕೆರೆ, ಉಪ್ಪಿನ ನೀರು, ಕೇರಂ, ಇಷ್ಟರಲ್ಲೇ ಅದನ್ನು ಹೇಳಲಾಯಿತು, ನೀವು ಕೇಳಿದಿರಿ, ಮುಂದಿನ ಸಾಲಿನ ಮಕ್ಕಳು ತಲೆಯಾಡಿಸಿದರು. ಇಂಗ್ಲಿಷ್ ಆಮೇಲೆ ಕಲಿತರಾಯಿತು. ತಿಳಿಯುವುದು ಮೊದಲು ತಾಯಿನುಡಿಯಲ್ಲೇ ಆಗುತ್ತದೆ.

ಗ್ಲುಆನುಗಳ ಸಂದಣಿಗೆ ಮಿತಿ ಇರಬಹುದು. ಈ ಶಾಲೆಯ ಮಕ್ಕಳ ಕಲಿಕೆಗೆ ನಾವು ಮಿತಿ ಹಾಕುವುದು ಬೇಡ. ಐವತ್ತು ವರ್ಷ ಈ ಶಾಲೆಯನ್ನು ನಡೆಸಿಕೊಂಡು ಬಂದ ಗುರುಗಳಿಗೆ, ಊರಿನವರಿಗೆ ನನ್ನ ನಮನ. ನೂರರ ಹಬ್ಬಕ್ಕೆ ಈ ಪ್ರಶ್ನೆಯ ಉತ್ತರವನ್ನು ಈ ವೇದಿಕೆಯಿಂದ ಇಲ್ಲಿಯೇ ಕುಳಿತಿರುವ ಯಾರಾದರೂ ಹೇಳಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.